ಒಳಗಿನ ಇನ್ನೊಂದು ಅಂಚು

ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವ ತನಕ ಅವಳು ಅಂಗಿಗಳನ್ನು ಮತ್ತೊಮ್ಮೆ ಎಣಿಸಿದಳು. ಏಳು. ಎಲ್ಲವೂ ಬಿಳಿ ಹತ್ತಿ ಬಟ್ಟೆಯವು, ಮೊಳದುದ್ದದವು, ಬೆನ್ನ ಕಡೆ ಪೂರ್ತಿ ತೆರೆದವು, ಕಟ್ಟುವುದಕ್ಕೆ ಎರಡು ಜೊತೆ ಲಾಡಿ. ಗುಂಡಿ ಇಲ್ಲ, ಕೊಕ್ಕೆ ಇಲ್ಲ, ಜಿಪ್ಪು ಇಲ್ಲ. ಅಂಗಡಿಯವರು ಕತ್ತಿನ ಹಿಂದೆ ಹೊಲಿಯುತ್ತಾರಲ್ಲ, ಆ ಚೀಟಿ ಕೂಡ ಇಲ್ಲ. ಹದಿನಾಲ್ಕು ವರ್ಷದಿಂದ ಇವನ್ನು ಅವಳೇ ಕತ್ತರಿಸಿ ಅವಳೇ ಹೊಲಿಯುತ್ತಿದ್ದಳು. ಆಸ್ಪತ್ರೆ ಕೊಡುವ ಅಂಗಿಗೆ ಏನು ಕೊರತೆ ಎಂದು ಉಗ್ರಾಣದವನು ಒಮ್ಮೆ ಕೇಳಿದ್ದಕ್ಕೆ, "ಕೊರತೆ ಏನಿಲ್ಲಪ್ಪ, ಗುಂಡಿ ಜಾಸ್ತಿ" ಅಂದಿದ್ದಳು. ಇವತ್ತು ಮೂರನೆಯ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಗಂಡ ಪೇಪರಿನ ಮರೆಯಿಂದ, "ಯಾರ ಮದುವೇನೇ ಇವತ್ತು?" ಎಂದು ಕೇಳಿದ. "ನಿಮ್ಮದೇ, ಎರಡನೇದು" ಅಂದಳು. ಅವನು ನಕ್ಕ. ಅವಳು ನಗಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ಆಸ್ಪತ್ರೆಗೆ, ವರ್ಷದ ತಪಾಸಣೆಗೆ, ಗುಟುಕಿ ಬರುವವಳಿದ್ದಳು.

ವರ್ಷಕ್ಕೊಂದು ದಿನ ಹೀಗಾಗುತ್ತಿತ್ತು. ಬಸ್ಸಿನಲ್ಲಿ ಕೂತರೆ ಇಳಿಯುವ ಜಾಗ ದಾಟಿ ಹೋಗುತ್ತಿತ್ತು. ಗೇಟಿನವನು ನಮಸ್ಕಾರ ಹೇಳಿದರೆ ಅವನು ಏನೋ ಕೇಳಿದನೆಂದು ನಿಲ್ಲುತ್ತಿದ್ದಳು. ಮಕ್ಕಳ ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ, ಓಣಿಯ ಕೊನೆಗೆ, ಸೀಸದ ತಗಡು ಹೊಡೆದ ದಪ್ಪ ಬಾಗಿಲಿನ ಎಕ್ಸ್‌ರೇ ಕೋಣೆ ಅವಳದು. ಅಲ್ಲಿ ಅವಳಿಗೆ ಫೋಟೋ ಅಕ್ಕ ಎಂದು ಹೆಸರು. ಎಕ್ಸ್‌ರೇ ಎಂದರೆ ಮಕ್ಕಳು ಹೆದರುತ್ತವೆ ಎಂದು ಅವಳೇ "ಬಾ ಕಂದ, ಒಂದು ಫೋಟೋ ತೆಗೆಯೋಣ" ಎನ್ನುತ್ತಿದ್ದದ್ದಕ್ಕೆ ಬಂದದ್ದು. ಅಳುವ ಮಗುವನ್ನು ಅರ್ಧ ಕ್ಷಣ ಅಲುಗದ ಹಾಗೆ ಹಿಡಿಯುವುದು ಆ ಆಸ್ಪತ್ರೆಯಲ್ಲಿ ಅವಳಷ್ಟು ಬಲ್ಲವರು ಇರಲಿಲ್ಲ. ನಾಲಗೆಯನ್ನು ಅಂಗುಳಿಗೆ ಹಚ್ಚಿ ಲೊಚಲೊಚ ಎಂದು ಹಲ್ಲಿಯ ಸದ್ದು ಮಾಡುತ್ತಿದ್ದಳು. ಎಂಥ ರಚ್ಚೆಯ ಕೂಸೂ ಒಮ್ಮೆ ಬಾಯಿ ಮುಚ್ಚಿ ಗೋಡೆ ಹುಡುಕುತ್ತಿತ್ತು. ಆ ಹುಡುಕುವ ಹೊತ್ತಿನಲ್ಲಿ ಅವಳ ಹೆಬ್ಬೆರಳು ಗುಂಡಿ ಒತ್ತಿ ಮುಗಿಸುತ್ತಿತ್ತು. ಅವಳು ತೆಗೆದ ಚಿತ್ರದಲ್ಲಿ ಪಕ್ಕೆಲುಬುಗಳು ಎಣಿಸಿ ಇಟ್ಟ ಹಾಗೆ ಇರುತ್ತಿದ್ದವು. ದೂರದ ಊರುಗಳ ಡಾಕ್ಟರುಗಳು ಕೂಡ, ಇದು ಅಲ್ಲಿಯ ಅಕ್ಕ ತೆಗೆದದ್ದಲ್ಲವೇ ಎಂದು ಗುರುತು ಹಿಡಿಯುತ್ತಾರೆ ಎಂದು ಯಾರೋ ಹೇಳಿದ್ದರು. ಅದನ್ನು ಅವಳು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಆದರೆ ಮರೆತೂ ಇರಲಿಲ್ಲ. ಇಷ್ಟಾದರೂ ಯಾರಾದರೂ ಡಾಕ್ಟರು ತೆರೆಯ ಮುಂದೆ ತಲೆ ಕೆರೆದುಕೊಂಡು, "ಇದೇನು ಅಕ್ಕಾ, ನಿಮಗೇನನ್ನಿಸುತ್ತೆ?" ಎಂದರೆ ಅವಳ ಉತ್ತರ ಒಂದೇ: "ನಾನು ಫೋಟೋ ತೆಗೆಯೋಳು. ಓದೋರು ನೀವು." ಕಲಿಯಲು ಬಂದ ಹುಡುಗಿಯರಿಗೂ ಮೊದಲ ದಿನ ಅದನ್ನೇ ಹೇಳಿಕೊಡುತ್ತಿದ್ದಳು. ಅವರು ಅದನ್ನು ವಿನಯ ಅಂದುಕೊಳ್ಳುತ್ತಿದ್ದರು.

ಆಸ್ಪತ್ರೆ ತಲುಪಿ ಅಂಗಿಗಳನ್ನು ಗೋಡೆಯ ಮೊಳೆಗಳಿಗೆ ಸಾಲಾಗಿ ನೇತು ಹಾಕಿದಳು. ಅವುಗಳ ಹಿಂದೆ ಹಳೆಯ ಕಾಲದ ಬೆಳಕಿನ ಪೆಟ್ಟಿಗೆ ಇತ್ತು. ಎಕ್ಸ್‌ರೇ ಎಂದರೆ ಕೈಯಲ್ಲಿ ಹಿಡಿಯುವ ಹಾಳೆಯಾಗಿದ್ದಾಗ ಅದನ್ನು ಸಿಕ್ಕಿಸಿ ನೋಡುತ್ತಿದ್ದದ್ದು. ಈಗ ಎಲ್ಲ ಕಂಪ್ಯೂಟರಿನ ತೆರೆಯ ಮೇಲೆ. ಹಳೆಯ ಹಾಳೆಗಳನ್ನೆಲ್ಲ ಅದರೊಳಗಿನ ಬೆಳ್ಳಿಗಾಗಿ ಕೊಳ್ಳುವವನೊಬ್ಬ ಗೋಣಿಚೀಲದಲ್ಲಿ ತುಂಬಿಕೊಂಡು ಹೋದ ದಿನ, ಒಂದೇ ಒಂದು ಕಂದು ಲಕೋಟೆಯನ್ನು ಅವಳು ಸೆರಗಿನ ಮರೆಯಲ್ಲಿ ಇಟ್ಟುಕೊಂಡು ಬಂದಿದ್ದಳು. ಅದು ಬೀರುವಿನ ತಳದಲ್ಲಿ, ಸೀಸದ ಏಪ್ರನ್ನುಗಳ ಕೆಳಗೆ ಇತ್ತು. ಗುಟುಕಿ ಬರುವ ದಿನ ಬೆಳಗ್ಗೆ ಅದನ್ನು ತೆಗೆಯುವುದು, ಕಿಟಕಿಗೆ ಹಿಡಿದು ನೋಡುವುದು, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಸಂಜೆ ಮತ್ತೆ ಒಳಗೆ ಇಡುವುದು. ಇವತ್ತೂ ತೆಗೆದಳು. ಒಂದೂವರೆ ವರ್ಷದ ಮಗುವಿನ ಎದೆ. ಮೇಲೆ, ಎರಡು ಕೊರಳೆಲುಬುಗಳ ನಡುವೆ, ಹುಣ್ಣಿಮೆಯ ಚಂದ್ರನಷ್ಟು ಬೆಳ್ಳಗೆ ಒಂದು ದುಂಡು. ಅದರ ಅಂಚಿನ ಒಳಗೆ, ಕೂದಲೆಳೆಯಷ್ಟು ಬಿಟ್ಟು, ಇನ್ನೊಂದು ಅಂಚು. ಎಂಥ ಚಿತ್ರ! ಅಷ್ಟು ಅಳುತ್ತಿದ್ದ ಮಗು, ಆ ಹಳೆಯ ಯಂತ್ರ, ಆದರೂ ಎಲ್ಲೂ ಒಂದು ಗೆರೆ ಕದಡಿರಲಿಲ್ಲ. ಆ ಹೆಮ್ಮೆ ಪ್ರತಿ ಸಲ ಮೊದಲು ಬರುತ್ತಿತ್ತು. ನಾಚಿಕೆ ಅದರ ಬೆನ್ನಿಗೆ ಬರುತ್ತಿತ್ತು.

ಹದಿನಾಲ್ಕು ವರ್ಷದ ಹಿಂದೆ ಅದನ್ನು ತೆಗೆದ ದಿನ ವಿಪರೀತ ಚಳಿ. ತಾಯಿ ಮಗುವಿಗೆ ದಪ್ಪ ಉಣ್ಣೆಯ ಕೋಟು ಹಾಕಿ ತಂದಿದ್ದಳು. ಕತ್ತಿನ ಹತ್ತಿರ ಒಂದೇ ಒಂದು ದೊಡ್ಡ ಗುಂಡಿ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮಗು ಊಟ ಮುಟ್ಟುತ್ತಿಲ್ಲ, ಕೆಮ್ಮುತ್ತದೆ. "ಬಿಚ್ಚಬೇಡಿ ಅಕ್ಕಾ, ಶೀತ ಜಾಸ್ತಿಯಾಗುತ್ತೆ" ಎಂದು ತಾಯಿ ಬೇಡಿಕೊಂಡಿದ್ದಳು. ಹೊರಗೆ ಹದಿನೆಂಟು ಜನ ಕಾಯುತ್ತಿದ್ದರು. ಕರುಣೆಯೋ, ಅವಸರವೋ, ಈಗ ಬಿಡಿಸಿ ಹೇಳುವುದು ಕಷ್ಟ, ಬಿಚ್ಚಲಿಲ್ಲ. ಹಿಂದಿನ ಡಾಕ್ಟರು ಹಾಳೆಯನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, "ಇದೇನಿದು ದುಂಡಗೆ?" ಅಂದರು. ಒಳ್ಳೆಯ ಮನುಷ್ಯ, ಅವಳ ಕಣ್ಣಿಗಿಂತ ತನ್ನ ಡಿಗ್ರಿ ದೊಡ್ಡದಲ್ಲ ಎಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದವರು. ಅವಳು ತಲೆ ಎತ್ತಿ, ಒಂದು ಕ್ಷಣವೂ ಯೋಚಿಸದೆ, "ಅಂಗಿ ಗುಂಡಿ ಸಾರ್. ನಾನೇ ನೋಡಿದ್ದೀನಿ" ಅಂದಳು. ಅವರು ಕೆಮ್ಮಿಗೆ ಔಷಧ ಬರೆದು ಕಳಿಸಿದರು. ನಾಲ್ಕು ದಿನದ ಮೇಲೆ ಮಗು ರಕ್ತ ವಾಂತಿ ಮಾಡಿಕೊಂಡು ಬಂತು, ಅದೇ ಕೋಟಿನಲ್ಲಿ. ಓಣಿಯಲ್ಲಿ ಬೆಂಚಿನ ಮೇಲೆ ಬಿದ್ದಿದ್ದ ಕೋಟನ್ನು ಎತ್ತಿ ಆ ಗುಂಡಿಯನ್ನು ಉಗುರಿನಿಂದ ಕೆರೆದಾಗ ಬೆಳ್ಳಿ ಬಣ್ಣ ಎದ್ದು ಬಂದು ಒಳಗೆ ಪ್ಲಾಸ್ಟಿಕ್ಕು ಕಂಡಿತು. ಪ್ಲಾಸ್ಟಿಕ್ಕು ಎಕ್ಸ್‌ರೇಯಲ್ಲಿ ಹಾಗೆ ಬೆಳ್ಳಗೆ ಬೀಳುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅನ್ನನಾಳದಿಂದ ತೆಗೆದದ್ದು ಆಟಿಕೆಗೆ ಹಾಕುವ ಚಪ್ಪಟೆ ಸೆಲ್ಲು. ಡಾಕ್ಟರು ಬಾಗಿಲ ಬಳಿ ತಾಯಿಗೆ ಹೇಳುತ್ತಿದ್ದರು: "ಆವತ್ತಿನ ಫೋಟೋದಲ್ಲಿ ಏನೂ ಇರಲಿಲ್ಲಮ್ಮ. ಆಮೇಲೆ ಮನೆಯಲ್ಲಿ ನುಂಗಿರಬೇಕು." ಅದು ಯಾರನ್ನು ಕಾಪಾಡುವುದಕ್ಕೆ ಹೇಳಿದ ಮಾತು ಎಂದು ಬಾಗಿಲ ಇತ್ತ ಕಡೆ ನಿಂತಿದ್ದ ಅವಳಿಗೆ ಗೊತ್ತಿತ್ತು. ಅವಳು ಬಾಯಿ ಬಿಡಲಿಲ್ಲ. ಡಾಕ್ಟರು ಮರುವರ್ಷ ಊರು ಬಿಟ್ಟು ಹೋದರು. ಇವಳು ಬಿಳಿ ಬಟ್ಟೆ ತಂದು ಲಾಡಿ ಅಂಗಿ ಹೊಲಿಯಲು ಕೂತಳು.

"ಅಕ್ಕಾ, ಒಂದು ಎದೆ ಫೋಟೋ." ಹೊಸ ಡಾಕ್ಟರು ಬಾಗಿಲಲ್ಲಿ ತಲೆ ಹಾಕಿ ಚೀಟಿ ಕೊಟ್ಟು ಹೋದ. ಬಂದು ಮೂರು ತಿಂಗಳಾಗಿತ್ತು ಅಷ್ಟೆ, ಆದರೆ ಮಕ್ಕಳ ಎದೆಗೆ ಇಡುವ ಮೊದಲು ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದದ್ದನ್ನು ನೋಡಿ ಅವಳು ಅವನನ್ನು ಒಳ್ಳೆಯವರ ಪಟ್ಟಿಗೆ ಸೇರಿಸಿದ್ದಳು. ಅವನ ಹಿಂದೆ ಒಂದು ಅಜ್ಜಿ, ಅಜ್ಜಿಯ ಕಂಕುಳಲ್ಲಿ ಕೆಂಪು ಕೆನ್ನೆಯ ಹೆಣ್ಣು ಕೂಸು, ಅಜ್ಜಿಯ ಹಿಂದೆ ಕೂಸಿನ ಅಪ್ಪ. ಕೂಸಿಗೆ ಒಂದೂವರೆ ವರ್ಷ. ಹಾಲನ್ನು ಎರಡು ಗುಟುಕು ಕುಡಿದು ನೂಕುತ್ತದೆ, ಕತ್ತು ಹಿಡಿದುಕೊಂಡು ಅಳುತ್ತದೆ, ಆಗೀಗ ಕೆಮ್ಮು. ಫೋಟೋ ಅಕ್ಕ ಬಟ್ಟೆಯೆಲ್ಲ ಬಿಚ್ಚಿಸಿದಳು. "ಅಯ್ಯೋ, ಚಳಿ" ಎಂದು ಅಜ್ಜಿ ಎಳೆದಳು. "ಅರ್ಧ ನಿಮಿಷದ ಚಳಿ ಅಜ್ಜಿ, ನಾನು ಲೆಕ್ಕ ಇಟ್ಕೊಂಡು ವಾಪಸ್ ಕೊಡ್ತೀನಿ." ಇಸ್ತ್ರಿಯ ಗೆರೆ ಇನ್ನೂ ಮಾಸದ ಅಂಗಿ ತೊಡಿಸಿ ಲಾಡಿ ಬಿಗಿದು, ಲೊಚಲೊಚ ಮಾಡಿದಳು. ಕೂಸು ಕಣ್ಣರಳಿಸಿ ಹಲ್ಲಿ ಹುಡುಕಿತು.

ತೆರೆಯ ಮೇಲೆ ಚಿತ್ರ ಮೂಡಿದಾಗ ಅವಳಿಗೆ ಮೊದಲು ಅನ್ನಿಸಿದ್ದು, ತಾನು ಹೇಗೋ ಆ ಲಕೋಟೆಯ ಹಾಳೆಯನ್ನೇ ಯಂತ್ರಕ್ಕೆ ಹಾಕಿಬಿಟ್ಟೆನೇ ಎಂದು. ಅದೇ ಎರಡು ಕೊರಳೆಲುಬು, ನಡುವೆ ಅದೇ ದುಂಡು. ಹೊಸ ಡಾಕ್ಟರು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, ನಿರಾಳವಾಗಿ ಉಸಿರು ಬಿಟ್ಟ. "ಓ, ನಾಣ್ಯ! ಸದ್ಯ. ಉಸಿರಾಟ ಚೆನ್ನಾಗಿದೆ, ಎಂಜಲು ನುಂಗ್ತಿದೆ. ಈಗ ತಾನೇ ಹಾಲು ಕುಡಿದಿದೆ, ಹೊಟ್ಟೆ ಖಾಲಿಯಾಗಲಿ. ಮಧ್ಯಾಹ್ನ ಎರಡಕ್ಕೆ ದೊಡ್ಡ ಡಾಕ್ಟರಮ್ಮ ತೆಗೀತಾರೆ. ನಾಣ್ಯ ಎಲ್ಲೂ ಓಡಿ ಹೋಗಲ್ಲ." ಅವಳು ತೆರೆಯನ್ನೇ ನೋಡುತ್ತಿದ್ದಳು. ನಾಣ್ಯಕ್ಕೆ ಇರುವುದು ಒಂದೇ ಅಂಚು. ವರ್ಷಕ್ಕೆ ಇಪ್ಪತ್ತು ಮೂವತ್ತು ನಾಣ್ಯ ಅವಳ ಕೈಯಲ್ಲಿ ಹಾದು ಹೋಗುತ್ತಿದ್ದವು, ನುಣ್ಣಗೆ ಒಂದೇ ಸಮನೆ ಬಿಳಿ. ಇದರ ಒಳಗೆ, ಕೂದಲೆಳೆಯಷ್ಟು ಬಿಟ್ಟು, ಇನ್ನೊಂದು ಅಂಚು ಇತ್ತು. ಅದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹದಿನಾಲ್ಕು ವರ್ಷ ಕಿಟಕಿಗೆ ಹಿಡಿದು ಕಲಿತದ್ದು.

"ಸಾರ್, ಪಕ್ಕದಿಂದ ಒಂದು ತೆಗೀಲಾ?"

"ಯಾಕೆ ಅಕ್ಕಾ? ಇದರಲ್ಲೇ ಚೆನ್ನಾಗಿ ಕಾಣ್ತಿದೆಯಲ್ಲ. ಸುಮ್ಮನೆ ಮಗೂಗೆ ಇನ್ನೊಂದು ಸಲ ಯಾಕೆ?"

"ಇಲ್ಲ, ಅಂಚು ಸ್ವಲ್ಪ…"

ಅವನು ನಕ್ಕ. ಕೆಟ್ಟ ನಗೆಯಲ್ಲ. "ಏನಕ್ಕಾ, ನಿಮ್ಮದೇ ಮಾತು ಮರೆತ್ರಾ? ಫೋಟೋ ತೆಗೆಯೋರು ನೀವು, ಓದೋರು ನಾವು." ಕಲಿಯಲು ಬಂದಿದ್ದ ಹುಡುಗಿ ಬಾಗಿಲ ಹತ್ತಿರ ನಿಂತು ಮುಗುಳ್ನಕ್ಕಳು. ಅವನು ಓಣಿಗೆ ಹೋದ. ಫೋಟೋ ಅಕ್ಕನಿಗೆ ಕೆನ್ನೆ ಬಿಸಿಯಾಯಿತು. ತನ್ನ ಮಾತೇ ಹೀಗೆ ತಿರುಗಿ ಬಂದರೆ ಯಾರ ಮೇಲೆ ಸಿಟ್ಟಾಗುವುದು? ಸರಿ ತಾನೇ, ತನಗೇಕೆ. ಎರಡು ಗಂಟೆಗೆ ಹೇಗೂ ತೆಗೆಯುತ್ತಾರೆ. ನಾಣ್ಯವಾದರೆ ತೊಂದರೆಯಿಲ್ಲ. ನಾಣ್ಯವೇ ಇರಬಹುದು. ಹೋದ ಸಲ ತಿಳಿದವಳ ಹಾಗೆ ಬಾಯಿ ಹಾಕಿದ್ದಕ್ಕೆ ಒಂದು ಮಗುವಿನ ಗಂಟಲು ಸುಟ್ಟುಹೋಯಿತು. ಈ ಸಲವೂ ತಿಳಿದವಳ ಹಾಗೆ ಬಾಯಿ ಹಾಕಿ, ಹೊಟ್ಟೆ ತುಂಬಿದ ಮಗುವಿಗೆ ಅವಸರದಲ್ಲಿ ಅರಿವಳಿಕೆ ಕೊಡಿಸಿ, ಹಾಲು ಶ್ವಾಸಕ್ಕೆ ಹೋಗಿ… ಆಮೇಲೆ ನಾಣ್ಯ ಎಂದು ಗೊತ್ತಾದರೆ? ಅವಳ ಕೈ ತನ್ನಷ್ಟಕ್ಕೆ ಮೇಜು ಒರೆಸುತ್ತಿತ್ತು.

ಬಾಗಿಲಾಚೆ ಬೆಂಚಿನ ಮೇಲೆ ಜಗಳ ಶುರುವಾಗಿತ್ತು. "ನಿನ್ನ ಪರ್ಸಿಂದಾನೇ ಬಿದ್ದಿರಬೇಕಮ್ಮ" ಎನ್ನುತ್ತಿದ್ದ ಕೂಸಿನ ಅಪ್ಪ. ಅಜ್ಜಿಗೆ ರೇಗಿತು. "ನನ್ನ ಪರ್ಸಲ್ಲಿ ನಾಣ್ಯ ಎಲ್ಲಿಂದ ಬರುತ್ತೋ? ನಾಣ್ಯದ ಮುಖ ನೋಡಿ ಎಷ್ಟು ಕಾಲ ಆಯ್ತು? ತರಕಾರಿಯವನೂ ಫೋನು ತೋರಿಸು ಅಂತಾನೆ. ಮನೆಯೆಲ್ಲ ಹುಡುಕು, ಒಂದು ನಾಣ್ಯ ಸಿಕ್ಕರೆ ನನ್ನ ಕಿವಿ ಕತ್ತರಿಸಿಕೋ!"

ಫೋಟೋ ಅಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ಹೊರಗೆ ಬಂದಳು. "ಅಜ್ಜಿ, ಬೆಳಗ್ಗೆ ಪುಟ್ಟಿ ಏನು ಆಡ್ತಿದ್ಲು?"

"ಏಳು ಗಂಟೆಗೆ ಚೆನ್ನಾಗೇ ಇದ್ಲು ಕಣಮ್ಮ. ಆಮೇಲೆ ನಾನು ತೂಕ ನೋಡ್ಕೊಳ್ಳೋ ಮೆಷಿನ್ ಮಗುಚಿ ಹಾಕ್ಕೊಂಡು ಕೂತಿದ್ಲು. ಬಿಡಿಸ್ಕೊಂಡು ನಾನು ಮೇಲೆ ನಿಂತೆ, ನನ್ನ ಜೊತೆ ಅವಳೂ ಹತ್ತಿದ್ಲು."

"ತೂಕ ಎಷ್ಟು ಬಂತು?"

"ಏನೂ ಬರಲಿಲ್ಲ. ಪೂರ್ತಿ ಕಪ್ಪು. ನಿನ್ನೆ ತನಕ ಬರ್ತಿತ್ತು. ಇಷ್ಟು ಉಪವಾಸ ಇದ್ದರೂ ಒಂದು ಗ್ರಾಂ ಇಳಿಯದೆ ಇರೋದು ನೋಡಿ ಅದಕ್ಕೇ ಬೇಜಾರಾಯ್ತೇನೋ ಅಂದ್ಕೊಂಡೆ."

ಅವಳಿಗೆ ನಗು ಬರಲಿಲ್ಲ. ಆ ಯಂತ್ರದ ಅಡಿಯಲ್ಲಿ ಏನಿರುತ್ತದೆ ಎಂದು ಕೂಸಿನ ಅಪ್ಪನನ್ನು ಕೇಳಿದಳು. ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ದುಂಡು ಮಾಡಿ ತೋರಿಸಿದ. ಮುಚ್ಚಳ ಮುರಿದಿತ್ತು, ಟೇಪು ಹಾಕಿದ್ದೆ. ಸೆಲ್ಲು ಅಲ್ಲೇ ಇದೆಯೋ ಇಲ್ಲವೋ? ನೋಡಲು ಮನೆಯಲ್ಲಿ ಯಾರೂ ಇಲ್ಲ, ಹೆಂಡತಿ ಕೆಲಸಕ್ಕೆ ಹೋಗಿದ್ದಾಳೆ. ತಾನೇ ಹೋಗಿ ಬರಲು ಒಂದು ಗಂಟೆ ಬೇಕು. ಗೋಡೆ ಗಡಿಯಾರದಲ್ಲಿ ಒಂಬತ್ತೂಕಾಲು. ನುಂಗಿದ್ದು ಎಂಟಕ್ಕಾದರೆ, ಒಂದು ಗಂಟೆ ಕಳೆದೇ ಹೋಗಿದೆ. ನಾಲ್ಕು ದಿನವೇನೂ ಬೇಡ, ಎರಡು ಗಂಟೆ ಸಾಕು ಸುಡುವುದಕ್ಕೆ, ಎಂದು ದೊಡ್ಡ ಡಾಕ್ಟರಮ್ಮ ಒಮ್ಮೆ ಕಲಿಯುವ ಹುಡುಗಿಯರಿಗೆ ಹೇಳುತ್ತಿದ್ದದ್ದನ್ನು ಅವಳು ಆ ಪಕ್ಕ ತಿರುಗಿ ನಿಂತು ಕೇಳಿಸಿಕೊಂಡಿದ್ದಳು. ಒರೆಸುವ ಬಟ್ಟೆಯನ್ನು ಬೆಂಚಿನ ತುದಿಗೆ ಹಾಕಿದಳು. ಕಾಲುಗಳು ಆಗಲೇ ಹೊಸ ಡಾಕ್ಟರ ಕೋಣೆಯ ಕಡೆ ನಡೆಯುತ್ತಿದ್ದವು.

"ಸಾರ್, ಒಂದು ನಿಮಿಷ ನನ್ನ ಕೋಣೆಗೆ ಬನ್ನಿ."

"ಅಕ್ಕಾ, ಹೊರಗೆ ಎಷ್ಟು ಜನ ನೋಡಿ…"

"ನೋಡಿದೆ. ಬನ್ನಿ."

ಆ ದನಿ ಅವನು ಕೇಳಿರಲಿಲ್ಲ. ಅವಳಿಗೂ ಅದನ್ನು ಕೇಳಿ ಬಹಳ ಕಾಲವಾಗಿತ್ತು. ಕೋಣೆಗೆ ಬಂದವಳೇ ಗೋಡೆಯ ಅಂಗಿಗಳನ್ನು ಒಂದೇ ಬಾರಿಗೆ ಬಾಚಿ ಮೇಜಿನ ಮೇಲೆ ಹಾಕಿದಳು, ಇಸ್ತ್ರಿ ಕೆಟ್ಟರೆ ಕೆಡಲಿ. ಬೆಳಕಿನ ಪೆಟ್ಟಿಗೆಯ ಸ್ವಿಚ್ಚು ಒತ್ತಿದಳು. ಅದು ಮೂರು ಸಲ ಮಿಣುಕಿ, ಹೊತ್ತಿಕೊಂಡಿತು. ಲಕೋಟೆಯಿಂದ ಹಾಳೆ ಎಳೆದು ಸಿಕ್ಕಿಸಿದಳು. ಪಕ್ಕದಲ್ಲೇ ಕಂಪ್ಯೂಟರಿನ ತೆರೆ. ಎರಡು ಎದೆಗಳು, ಎರಡು ದುಂಡುಗಳು, ಅಕ್ಕ ತಂಗಿಯರ ಹಾಗೆ.

"ಯಾರದಿದು?" ಎಂದ ಹೊಸ ಡಾಕ್ಟರು.

"ನಾನು ತೆಗೆದದ್ದು, ಹದಿನಾಲ್ಕು ವರ್ಷದ ಹಿಂದೆ. ಡಾಕ್ಟರು ಇದೇನು ಅಂತ ಕೇಳಿದಾಗ ಅಂಗಿ ಗುಂಡಿ ಅಂದವಳೂ ನಾನೇ. ಗುಂಡಿಯಾಗಿರಲಿಲ್ಲ, ಸೆಲ್ಲು. ನಾಲ್ಕು ದಿನ ಒಳಗಿತ್ತು. ಅಂಚು ನೋಡಿ ಸಾರ್. ಹೊರಗೊಂದು, ಒಳಗೊಂದು. ಈಗ ನಿಮ್ಮ ನಾಣ್ಯದ ಅಂಚು ನೋಡಿ."

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಹೇಳಿದರೆ ಏನೋ ಕುಸಿದು ಬೀಳುತ್ತದೆ ಎಂದುಕೊಂಡಿದ್ದಳು. ಕಲಿಯುವ ಹುಡುಗಿ ಬಾಯಿ ತೆರೆದು ನೋಡುತ್ತಿದ್ದಳು. ಏನೂ ಬೀಳಲಿಲ್ಲ, ಬೆಳಕಿನ ಪೆಟ್ಟಿಗೆ ಜುಂಯ್ ಎನ್ನುತ್ತಿತ್ತು, ಅಷ್ಟೆ. ಹೊಸ ಡಾಕ್ಟರು ಆ ಕಡೆ ನೋಡಿದ, ಈ ಕಡೆ ನೋಡಿದ, ತೆರೆಯ ಮೇಲಿನ ಚಿತ್ರವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಅವನ ಕಿವಿಯ ತುದಿ ಕೆಂಪಾಗುವುದು ಅವಳಿಗೆ ಕಂಡಿತು. ಪಾಪ, ಅನ್ನಿಸಿತು. ತನಗೆ ಆಗ ಇವನದೇ ವಯಸ್ಸು.

"ಪಕ್ಕದಿಂದ ಒಂದು ತೆಗೀರಿ ಅಕ್ಕಾ. ಬೇಗ."

ಕೂಸನ್ನು ಪಕ್ಕಕ್ಕೆ ಮಲಗಿಸಿ, ಎರಡು ಕೈಯನ್ನೂ ತಲೆಯ ಮೇಲಕ್ಕೆ ಎತ್ತಿ ಅಜ್ಜಿಗೆ ಹಿಡಿಸಿ, ಹಲ್ಲಿಯ ಸದ್ದು ಮಾಡಿದಳು. ಅವಸರಕ್ಕೆ ಸದ್ದು ಸರಿಯಾಗಿ ಹೊರಡಲಿಲ್ಲ. ಆದರೂ ಕೂಸು ಕೊಟ್ಟಿತು ಅವಳ ಅರ್ಧ ಕ್ಷಣವನ್ನು. ಪಕ್ಕದಿಂದ ಕಂಡರೆ ನಾಣ್ಯ ಒಂದು ನೆಟ್ಟನೆ ಗೆರೆ. ಇದು ಗೆರೆಯಾಗಿರಲಿಲ್ಲ. ದೊಡ್ಡ ತಟ್ಟೆಯ ಮೇಲೆ ಅದಕ್ಕಿಂತ ಒಂದಿಷ್ಟು ಸಣ್ಣ ತಟ್ಟೆ ಮಗುಚಿ ಇಟ್ಟ ಹಾಗೆ, ಒಂದು ಕಡೆ ಸ್ಪಷ್ಟವಾಗಿ ಒಂದು ಮೆಟ್ಟಿಲು. ಹೊಸ ಡಾಕ್ಟರು ಪೂರ್ತಿ ನೋಡಿಯೂ ನೋಡದೆ ಓಡಿದ. ಓಣಿಯಲ್ಲಿ ಅವನ ದನಿ ಕೇಳಿಸಿತು: "ನಾಣ್ಯ ಅಲ್ಲ, ಬ್ಯಾಟರಿ! ದೊಡ್ಡ ಡಾಕ್ಟರಮ್ಮನ್ನ ಕರೀರಿ, ಎರಡು ಗಂಟೆಗಲ್ಲ, ಈಗ!"

ಆಮೇಲಿನದು ಅವಳ ಕೆಲಸವಲ್ಲ, ಆದರೆ ಅವಳು ಓಣಿ ಬಿಟ್ಟು ಕದಲಲಿಲ್ಲ. ಆಪರೇಷನ್ ಥಿಯೇಟರು ಸಿದ್ಧವಾಗುವ ತನಕ ಎರಡು ಚಮಚ ಜೇನು ನೆಕ್ಕಿಸಿ, ಸುಡುವುದನ್ನು ಸ್ವಲ್ಪ ತಡೆಯುತ್ತದೆ, ಎಂದು ದೊಡ್ಡ ಡಾಕ್ಟರಮ್ಮ ಹೇಳಿ ಕಳಿಸಿದಳು. "ಈಗ ತಾನೇ ಏನೂ ಕೊಡಬೇಡಿ ಅಂದ್ರು, ಈಗ ಜೇನು ಅಂತಾರೆ, ಇವರ ತಲೆ ಸರಿ ಇದೆಯಾ?" ಎಂದು ಗದರುತ್ತಲೇ ಅಜ್ಜಿ ನೆಕ್ಕಿಸಿದಳು. ಕೂಸನ್ನು ಒಳಗೆ ಒಯ್ದ ಮೇಲೆ ಅಜ್ಜಿ ಬಾಗಿಲಿಗೇ ಅಂಟಿ ನಿಂತಳು. ಕೈಯಲ್ಲಿ ಜೇನಿನ ಚಮಚ ಹಾಗೇ ಉಳಿಯಿತು. ಫೋಟೋ ಅಕ್ಕ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು. ಬಾಯಿಯಿಂದ ಕೊಳವೆ ಇಳಿಸಿ, ಅದರ ತುದಿಯ ಪುಟ್ಟ ಇಕ್ಕುಳದಿಂದ ಹಿಡಿದು ತೆಗೆಯುತ್ತಾರೆ, ಕೊಯ್ಯುವುದಿಲ್ಲ, ಎಂದು ವಿವರಿಸಿದಳು. ಕೂಸಿನ ಅಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದ. "ಟೇಪು ಹಾಕಿದ್ದು ನಾನು" ಎಂದು ಗೋಡೆಗೆ ಹೇಳಿದ. "ಕೂಸನ್ನು ಇಲ್ಲಿಗೆ ತಂದದ್ದೂ ನೀವೇ" ಅಂದಳು ಅವಳು. ಅಂದ ಮೇಲೆ ಆ ಮಾತು ತನ್ನೊಳಗೇ ಎಲ್ಲೋ ಹೋಗಿ ತಗುಲಿಕೊಂಡಿತು.

ಹತ್ತಕ್ಕೆ ಇನ್ನೂ ಎರಡು ನಿಮಿಷ ಇರುವಾಗ ದೊಡ್ಡ ಡಾಕ್ಟರಮ್ಮ ಸ್ಟೀಲಿನ ಬಟ್ಟಲು ಹಿಡಿದು ಹೊರಗೆ ಬಂದಳು. ಬಟ್ಟಲಲ್ಲಿ ಅದು ಇತ್ತು. ಒಂದು ಮುಖ ಹೊಳೆಯುತ್ತಿತ್ತು, ಇನ್ನೊಂದು ಮುಖ ಮಸಿ ಹಿಡಿದಿತ್ತು. ಗೋಡೆ ಒಂದು ಕಡೆ ಸ್ವಲ್ಪ ಬೆಂದಿದೆ, ತೂತಾಗಿಲ್ಲ, ತೊಳೆದಿದ್ದೇವೆ, ಕೆಲವು ದಿನ ಇಟ್ಟುಕೊಂಡು ನೋಡುತ್ತೇವೆ, ಊಟ ಮಾಡುತ್ತಾಳೆ ನಿಮ್ಮ ಮೊಮ್ಮಗಳು ಎಂದಳು. ಅಜ್ಜಿ ಆ ಬಟ್ಟಲನ್ನು ನೋಡಿ, "ಆ ಮೆಷಿನ್ನು ಇವತ್ತೇ ಬಾವಿಗೆ" ಅಂದು ಅತ್ತಳು. ದೊಡ್ಡ ಡಾಕ್ಟರಮ್ಮ ಮುಖದ ಪಟ್ಟಿ ಇಳಿಸಿ, "ಮಧ್ಯಾಹ್ನದ ತನಕ ಬಿಟ್ಟಿದ್ರೆ ಕಥೆ ಬೇರೆ ಇತ್ತು. ಯಾರು ಓದಿದ್ದು ಇದನ್ನ?" ಎಂದಳು. ಹೊಸ ಡಾಕ್ಟರು, ನಾನು ಎನ್ನಬಹುದಾಗಿತ್ತು. ಅದರಲ್ಲಿ ಅರ್ಧ ಸತ್ಯವೂ ಇತ್ತು. ಅವನು ಹೇಳಿದ: "ಅಕ್ಕ ಓದಿದ್ರು ಮೇಡಂ. ನಾನು ತಪ್ಪು ಓದಿದ್ದೆ."

ದೊಡ್ಡ ಡಾಕ್ಟರಮ್ಮ ಬಟ್ಟಲನ್ನು ಫೋಟೋ ಅಕ್ಕನ ಕೈಗೆ ಕೊಟ್ಟಳು. ಅವಳು ಅದನ್ನು ಹಿಡಿದುಕೊಂಡಳು. ಇಷ್ಟು ಹಗುರ. ಕೋಣೆಗೆ ವಾಪಸು ನಡೆಯುವಾಗ ಬೆನ್ನು ತಾನಾಗಿ ನೆಟ್ಟಗಾಗಿತ್ತು, ಕಿವಿಯ ಹಿಂದೆ ಬೆಚ್ಚಗೆ ಏನೋ ಏರುತ್ತಿತ್ತು; ಬಾಗಿಲ ಹತ್ತಿರ ಬಂದಾಗ ಅದು ಯಾವುದೆಂದು ಗುರುತು ಸಿಕ್ಕಿ ನಿಂತುಬಿಟ್ಟಳು. ಅಂಗಿ ಗುಂಡಿ ಸಾರ್ ಎನ್ನುವಾಗಲೂ ಇದೇ ಬಿಸಿ ಇತ್ತು, ಇದೇ ಕಿವಿಯ ಹಿಂದೆ. ಹದಿನಾಲ್ಕು ವರ್ಷ ಅದನ್ನು ಒಳಗೆ ಕೂಡಿ ಹಾಕಿ, ಅದೇ ಅಪರಾಧಿ ಎಂದು ಶಿಕ್ಷೆ ಕೊಟ್ಟಿದ್ದಳು. ಇವತ್ತು ಅದು ಇಲ್ಲದಿದ್ದರೆ ಹೊಸ ಡಾಕ್ಟರನ್ನು ಬನ್ನಿ ಎಂದು ಎಬ್ಬಿಸುವುದು ಯಾರ ಕೈಲಾಗುತ್ತಿತ್ತು? ಆಗ ಅವಳು ನೋಡದೆ ಹೇಳಿದ್ದಳು, ಇವತ್ತು ನೋಡಿ ಹೇಳಿದಳು. ಹೆಮ್ಮೆ ಎರಡು ದಿನವೂ ಅದೇ. ತಪ್ಪನ್ನು ಎಲ್ಲಿ ಇಡಬೇಕೋ ಅಲ್ಲಿ ಇಡದೆ ಇಷ್ಟು ವರ್ಷ ಬೇರೆಲ್ಲೋ ಇಟ್ಟಿದ್ದಳು. ಕಲಿಯುವ ಹುಡುಗಿ ಚಹಾ ತಂದು ಕೊಟ್ಟು, ಮುದುಡಿದ ಅಂಗಿಗಳನ್ನು ಮಡಿಸತೊಡಗಿದಳು. "ಮಡಿಸಬೇಡ, ನೇತುಹಾಕು" ಅಂದಳು ಫೋಟೋ ಅಕ್ಕ. "ನಾಳೆಯಿಂದ ಫೋಟೋ ತೆಗೆಯೋದು ಕಲಿತರೆ ಸಾಲದು. ನೋಡೋದನ್ನೂ ಹೇಳಿಕೊಡ್ತೀನಿ."

ಹನ್ನೊಂದಕ್ಕೆ ಗುಟುಕಿಗೆ ಕುಡಿಸುವ ಬಿಳಿ ಮದ್ದನ್ನು ಅವಳು ಒಳಗಿನ ಮೋರಿಯ ಹತ್ತಿರ ನಿಂತು ಕಲಕುತ್ತಿದ್ದಳು. ಅದನ್ನು ಕುಡಿಯುತ್ತಿದ್ದ ಹಾಗೆ ಚಿತ್ರ ತೆಗೆದರೆ ಅನ್ನನಾಳ ಎಲ್ಲಿ ಅಗಲ, ಎಲ್ಲಿ ಇಕ್ಕಟ್ಟು ಎಂದು ಕಾಣುತ್ತದೆ. ಬೇರೆಯವರು ಕಲಕಿದರೆ ಗಂಟು ನಿಲ್ಲುತ್ತಿತ್ತು, ಅವಳು ಕಲಕಿದರೆ ಇಲ್ಲ. ಆ ಸೆಲ್ಲು ಸುಟ್ಟ ಜಾಗ ಇಕ್ಕಟ್ಟಾಗಿ, ಎಷ್ಟೋ ಸಲ ಹಿಗ್ಗಿಸಿ, ಎಂಟು ವರ್ಷದ ತನಕ ತೆಳ್ಳಗಿನದ್ದನ್ನೇ ಗುಟುಕು ಗುಟುಕಾಗಿ ಕುಡಿದು ಬೆಳೆದ ಹುಡುಗಿ ಅದು. ವಾರ್ಡಿನಲ್ಲಿ ಇಟ್ಟ ಹೆಸರೇ ಉಳಿದುಹೋಗಿತ್ತು. ಈಗ ಎಲ್ಲ ತಿನ್ನುತ್ತಾಳೆ, ನಿಧಾನವಾಗಿ. ಬಾಗಿಲು ತಳ್ಳಿದ ಸದ್ದು, ಚಪ್ಪಲಿಯ ಸದ್ದು. "ಅಕ್ಕಾ, ಈ ಸಲ ಆದ್ರೂ ಅದಕ್ಕೆ ಚಾಕೊಲೇಟ್ ಪುಡಿ ಹಾಕಿದ್ದೀರಾ?" ಲೋಟ ಹಿಡಿದು ಹೊರಗೆ ಬಂದಾಗ ಹುಡುಗಿ ಬೆಳಕಿನ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಅದು ಇನ್ನೂ ಉರಿಯುತ್ತಿತ್ತು. ಹಾಳೆ ಅಲ್ಲೇ ಇತ್ತು.

"ಇಲ್ಲಿ ಮೂಲೆಯಲ್ಲಿ ನನ್ನ ಹೆಸರಿದೆ" ಎಂದಳು ಗುಟುಕಿ. "ಇದು ನಾನಾ? ಎಷ್ಟು ಸಣ್ಣ ಪಕ್ಕೆಲುಬು! ಮೀನಿನ ಮುಳ್ಳಿನ ಥರ." ಬೆರಳು ಗಾಜಿನ ಮೇಲೆ ಮೆಲ್ಲಗೆ ಏರಿ ದುಂಡಿನ ಹತ್ತಿರ ನಿಂತಿತು. "ಇದೇ ಅಲ್ವಾ ಅದು?" ಇನ್ನೊಂದು ಕೈ ತನಗೇ ತಿಳಿಯದೆ ಅವಳ ಗಂಟಲಿನ ಬುಡಕ್ಕೆ ಹೋಗಿತ್ತು. ಮತ್ತೆ ಮೂಲೆಗೆ ಬಗ್ಗಿದಳು. "ಆದರೆ ತಾರೀಖು… ಸೆಲ್ಲು ತೆಗೆದದ್ದು ಹದಿನೇಳಕ್ಕೆ. ಆ ದಿನ ಅಮ್ಮ ಮರೆಯೋಕೇ ಬಿಡಲ್ಲ. ಇದು ಹದಿಮೂರು. ಹದಿಮೂರನೇ ತಾರೀಖಿನ ಫೋಟೋದಲ್ಲಿ ಏನೂ ಇರಲಿಲ್ಲ ಅಂದಿದ್ರಂತೆ."

"ಇತ್ತು" ಅಂದಳು ಫೋಟೋ ಅಕ್ಕ. ಲೋಟವನ್ನು ಮೇಜಿನ ಮೇಲೆ ಇಟ್ಟಳು. "ಇತ್ತು ಮಗಳೇ. ಡಾಕ್ಟರು ಕೇಳಿದ್ರು, ನಾನು ನಿನ್ನ ಕೋಟಿನ ಗುಂಡಿ ಅಂದುಬಿಟ್ಟೆ. ಅವರು ನನ್ನ ಮಾತು ನಂಬಿದ್ರು. ಆಮೇಲೆ ನನ್ನನ್ನ ಉಳಿಸೋಕೆ, ಏನೂ ಇರಲಿಲ್ಲ ಅಂತ ಹೇಳಿದ್ರು."

ಹುಡುಗಿ ತಿರುಗಿ ನೋಡಲಿಲ್ಲ. ಬೆಳಕಿನ ಪೆಟ್ಟಿಗೆಯ ಬಿಳುಪು ಅವಳ ಮುಖದ ಮೇಲೆ ಬಿದ್ದಿತ್ತು. ಹದಿನೈದು ದಾಟಿದ ಹುಡುಗಿ ಏನು ಬೇಕಾದರೂ ಅನ್ನಬಹುದಿತ್ತು, ಅನ್ನುವ ಹಕ್ಕಿತ್ತು. ಕೊನೆಗೆ ಅಂದದ್ದು: "ಫೋಟೋ ಮಾತ್ರ ಚೆನ್ನಾಗಿ ಬಂದಿದೆ."

"ಫೋಟೋ ಚೆನ್ನಾಗೇ ಇತ್ತು. ಬಾಯಿ ಕೆಟ್ಟದ್ದು."

"ನನಗೆ ಸಿಟ್ಟು ಬಂದಿದೆ ಅಕ್ಕಾ."

"ಬರಲಿ."

"ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

"ಇಟ್ಕೋ. ನಿಂದೇ ಅದು."

ಗುಟುಕಿ ಮೂಗು ಒರೆಸಿಕೊಂಡಳು. "ಅಮ್ಮ ಹೊರಗೆ ಕೂತಿದ್ದಾಳೆ. ಎಲ್ಲಿ ಕೂತರೂ ಅವಳು…" ಎಂದು ಅಂಗೈಯನ್ನು ಚಪ್ಪಟೆ ಮಾಡಿ ಗಾಳಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದಳು. ಫೋಟೋ ಅಕ್ಕನಿಗೆ ಹೇಳಬೇಕಾಗಿರಲಿಲ್ಲ. ಹದಿನಾಲ್ಕು ವರ್ಷ ಬಾಗಿಲ ಸಂದಿಯಿಂದ ನೋಡಿದ್ದಳು: ಆ ತಾಯಿ ಬೆಂಚಿನಲ್ಲಿ ಕೂರುವ ಮೊದಲು ಬೆಂಚು ಸವರುತ್ತಿದ್ದಳು, ಕೂತ ಮೇಲೆ ಅಡಿಗೆ ಕೈ ಹಾಕಿ ಸವರುತ್ತಿದ್ದಳು, ಏನಾದರೂ ಸಣ್ಣದು, ದುಂಡನೆಯದು, ಬಿದ್ದಿದೆಯೇ ಎಂದು. ಮನೆಯಲ್ಲಿ, ತನ್ನ ಕಣ್ಣ ಮುಂದೆಯೇ, ತನ್ನ ಮಗು ನುಂಗಿತು ಎಂದು ನಂಬಿದ ಕೈ ಅದು.

"ನಾನು ಹೇಳ್ಲಾ ಅಮ್ಮಂಗೆ?" ಎಂದಳು ಗುಟುಕಿ.

"ಬೇಡ. ನಾನು ಆಡಿದ ಮಾತು, ನಾನೇ ಹೋಗಿ ವಾಪಸ್ ತಗೋತೀನಿ."

ಹಾಳೆಯನ್ನು ಬಿಡಿಸಿಕೊಂಡಳು. ಲಕೋಟೆಗೆ ಹಾಕಲಿಲ್ಲ. ಸೀಸದ ಬಾಗಿಲನ್ನು ಹೆಗಲಿನಿಂದ ತಳ್ಳಿ, ಬೆಳಗ್ಗೆ ಬಟ್ಟಲು ಹಿಡಿದು ನಡೆದಿದ್ದ ಹಾಗೇ, ಬೆನ್ನು ನೆಟ್ಟಗೆ ಮಾಡಿಕೊಂಡು ಓಣಿಗೆ ಬಂದಳು. ತಪ್ಪು ಒಪ್ಪಿಕೊಳ್ಳಲು ಹೋಗುವವರು ತಲೆ ತಗ್ಗಿಸಬೇಕು ಎಂದು ಅವಳೂ ಅಂದುಕೊಂಡಿದ್ದಳು, ತಲೆ ತಗ್ಗಲಿಲ್ಲ. ಬೆಂಚಿನ ಮೇಲೆ ಆ ತಾಯಿ ಕೂತಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು, ಬಲಗೈ ಮರದ ಹಲಗೆಯ ಮೇಲೆ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿತ್ತು. ಫೋಟೋ ಅಕ್ಕ ಅವಳ ಪಕ್ಕದಲ್ಲಿ ಕೂತು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಮ್ಮಾ, ಹದಿಮೂರನೇ ತಾರೀಖು ಇದು ಮಗುವಿನ ಒಳಗೇ ಇತ್ತು, ನೋಡಿ. ನೀವು ಸರಿಯಾದ ಹೊತ್ತಿಗೇ ತಂದಿದ್ರಿ."

ಬೆಂಚಿನ ಮೇಲೆ ಓಡಾಡುತ್ತಿದ್ದ ಕೈ ಅರ್ಧ ದಾರಿಯಲ್ಲಿ ನಿಂತಿತು.